ಹಳೆ ಗಿಟಾರಿಗೆ ಮಂಡಿ ಇಲ್ಲ: ವಿಂಟೇಜ್ ಅಥವಾ ರೀಇಶ್ಯೂ ಮೇಲೆ ದುಡ್ಡು ಹಾಕುವ ಮುಂಚೆ

ಹೋದ ತಿಂಗಳು ಅಕ್ಕನ ಮಗ ಬೆಂಗಳೂರಿನಿಂದ ಬಂದಿದ್ದ. ಬೆಣ್ಣೆ ದೋಸೆ ತಿಂದು ಮನೆಗೆ ಬಂದು ಕೂತವನೇ ಕೇಳಿದ: "ಮಾಮ, ಚನ್ನಗಿರಿ ತೋಟದ ಅಡಿಕೆ ದುಡ್ಡಲ್ಲಿ ನನ್ನ ಪಾಲಿಗೆ ಆರು ಲಕ್ಷ ಬಂದಿದೆ. ಒಂದು ಗಿಟಾರ್ ಮೇಲೆ ಹಾಕ್ಲಾ? ಹತ್ತು ವರ್ಷ ಬಿಟ್ರೆ ಡಬಲ್ ಆಗುತ್ತೆ ಅಂತಾರೆ."

ಅವನ ಫೋನಿನಲ್ಲಿ ಎರಡು ಫೋಟೋ ಇದ್ದವು. ಒಂದು ಅಮೆರಿಕದ ಫೆಂಡರ್ ಕಂಪನಿಯ 1979ರ ಎಲೆಕ್ಟ್ರಿಕ್ ಗಿಟಾರ್, ಸ್ಟ್ರಾಟೋಕಾಸ್ಟರ್ (ಬಾಯಲ್ಲಿ ಸ್ಟ್ರಾಟ್). ಕೈ ಊರಿ ಊರಿ ಮೇಲಿನ ಬಣ್ಣ ಸವೆದು ಮರ ಕಾಣುತ್ತಿತ್ತು. ಇನ್ನೊಂದು ಗಿಬ್ಸನ್ ಕಂಪನಿ ಈಗ ಮಾಡುವ 1959ರ ಮಾದರಿಯ ಲೆಸ್ ಪಾಲ್. ಹೊಸದೇ, ಆದರೆ ಅರವತ್ತು ವರ್ಷ ಹಳೆಯದರಂತೆ ಕಾಣಲಿ ಅಂತ ಕಾರ್ಖಾನೆಯಲ್ಲೇ ಬಣ್ಣ ಬಿರುಕು ಬಿಡಿಸಿ, ಅಂಚು ಉಜ್ಜಿ ಕೊಟ್ಟದ್ದು. ಮೊದಲನೆಯಂಥ ಅಸಲಿ ಹಳೆಯದಕ್ಕೆ ವಿಂಟೇಜ್ ಅನ್ನುತ್ತಾರೆ, ಹಳೆ ಮಾದರಿಯನ್ನು ಹೊಸದಾಗಿ ಮಾಡಿದ್ದಕ್ಕೆ ರೀಇಶ್ಯೂ. ಈ ಹೊಸದರ ಬೆಲೆ ಆ ಹಳೆಯದರ ಎರಡು ಪಟ್ಟಿಗೂ ಜಾಸ್ತಿ.

ನಾನು ದಾವಣಗೆರೆಯಲ್ಲಿ ಇಪ್ಪತ್ತು ವರ್ಷದಿಂದ ಗಿಟಾರ್ ರಿಪೇರಿ ಮಾಡುತ್ತಿದ್ದೇನೆ. ಗಣೇಶನ ಹಬ್ಬದ ಆರ್ಕೆಸ್ಟ್ರಾ ಹುಡುಗರ ಗಿಟಾರಿನಿಂದ ಹಿಡಿದು, ಅಪರೂಪಕ್ಕೆ ಕೈಗೆ ಬರುವ ಅಮೆರಿಕದ ಹಳೆ ಗಿಟಾರಿನವರೆಗೆ ಬಿಚ್ಚಿ ನೋಡಿದ್ದೇನೆ. ಒಂದು ಸಲ ಚೆನ್ನಾಗಿ ದುಡ್ಡು ಕಳೆದುಕೊಂಡೂ ಇದ್ದೇನೆ. ಅವತ್ತು ಮಧ್ಯಾಹ್ನವಿಡೀ ಅವನಿಗೆ ಹೇಳಿದ್ದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲನೇ ಹಂತ: ಕೊಳ್ಳುವ ಮುಂಚೆ, ಮಾರುವ ದಾರಿ ನೋಡಿ

ನಮ್ಮ ಕಡೆಯವರಿಗೆ ಸರಕು ಹಿಡಿದಿಟ್ಟು ರೇಟು ಕಾಯುವುದು ಹೊಸದಲ್ಲ. ಚನ್ನಗಿರಿಯಲ್ಲಾಗಲಿ, ಭೀಮಸಮುದ್ರದಲ್ಲಾಗಲಿ ರಾಶಿ ಅಡಿಕೆ ಮನೆಯಲ್ಲಿಟ್ಟುಕೊಂಡು ಎರಡು ತಿಂಗಳು ಕಾಯುತ್ತೇವೆ. ಆದರೆ ದುಡ್ಡು ಬೇಕಾದ ದಿನ ಮಂಡಿಗೆ ಒಯ್ದರೆ ಅವತ್ತಿನ ರೇಟು ಅಂತ ಒಂದು ಸಿಕ್ಕೇ ಸಿಗುತ್ತದೆ. ಚಿನ್ನವೂ ಹಾಗೇ. ಮಂಡಿಪೇಟೆಗೆ ಹೋದರೆ ಅರ್ಧ ಗಂಟೆಯಲ್ಲಿ ದುಡ್ಡು, ಬ್ಯಾಂಕಿಗೆ ಹೋದರೆ ಸಾಲ.

ಗಿಟಾರಿಗೆ ಮಂಡಿ ಇಲ್ಲ. ದಾವಣಗೆರೆಯಲ್ಲಿ ಎರಡು ಲಕ್ಷದ ಹಳೆ ಸ್ಟ್ರಾಟ್ ಕೊಳ್ಳುವವರನ್ನು ನಾನು ಒಂದು ಕೈಯ ಬೆರಳಲ್ಲಿ ಎಣಿಸಬಲ್ಲೆ. ಚಿತ್ರದುರ್ಗದಲ್ಲಿ ಇನ್ನೂ ಕಡಿಮೆ. ಮಾರಬೇಕೆಂದರೆ ಬೆಂಗಳೂರು, ಮುಂಬೈ ಅಥವಾ ಶಿಲ್ಲಾಂಗ್, ಕೊಹಿಮಾದಂಥ ಈಶಾನ್ಯದ ಊರುಗಳಲ್ಲಿ ಗಿರಾಕಿ ಹುಡುಕಬೇಕು. ಅಲ್ಲಿ ರಾಕ್ ಸಂಗೀತದ ಹುಚ್ಚು ತಲೆಮಾರುಗಳಿಂದ ಇದೆ. ಗಿರಾಕಿ ಸಿಗಲು ಆರು ತಿಂಗಳೂ ಆಗಬಹುದು, ಎರಡು ವರ್ಷವೂ ಆಗಬಹುದು. ಅದಕ್ಕೇ ಅಳಿಯನಿಗೆ ಮೊದಲು ಕೇಳಿದ್ದು ಇಷ್ಟೇ: "ಇದನ್ನು ನಿನ್ನಿಂದ ಯಾರು ಕೊಳ್ತಾರೆ? ಮೂರು ಹೆಸರು ಹೇಳು." ಅವನಿಗೆ ಒಂದೂ ಗೊತ್ತಿರಲಿಲ್ಲ. ನಿಮಗೂ ಗೊತ್ತಿಲ್ಲದಿದ್ದರೆ ಮುಂದಿನ ಎರಡು ಮೂರು ತಿಂಗಳು ಕೊಳ್ಳಬೇಡಿ. ಬೆಂಗಳೂರಿನ ಅಂಗಡಿಗಳಿಗೆ ಹೋಗಿ, ಗಿಟಾರ್ ನುಡಿಸುವವರ ಜೊತೆ ಮಾತಾಡಿ, ಹಳೆ ಗಿಟಾರ್ ನಿಜವಾಗಿ ಎಷ್ಟಕ್ಕೆ ಕೈ ಬದಲಾಯಿತು ಅಂತ ಬರೆದಿಟ್ಟುಕೊಳ್ಳಿ. ಕೇಳುವ ಬೆಲೆ ಬೇರೆ, ಕೊಟ್ಟ ಬೆಲೆ ಬೇರೆ. ಬರೆದಿಡಬೇಕಾದ್ದು ಎರಡನೆಯದು.

ಹಾಕುವ ದುಡ್ಡು ಹತ್ತು ವರ್ಷ ಬೇಕಾಗಬಾರದು. ಮಗಳ ಮದುವೆ, ಸೈಟಿನ ಕಂತು, ಬೋರ್‌ವೆಲ್, ಇವಕ್ಕೆ ಎತ್ತಿಟ್ಟ ದುಡ್ಡನ್ನು ಗಿಟಾರಿಗೆ ಹಾಕಬೇಡಿ.

ಎರಡನೇ ಹಂತ: ಇಸವಿಗಳನ್ನು ಬಾಯಿಪಾಠ ಮಾಡಿ

ನಮ್ಮ ಅಜ್ಜ ನಾಟಕ ಕಂಪನಿಯಲ್ಲಿ ಕಾಲು ಹಾರ್ಮೋನಿಯಂ ನುಡಿಸುತ್ತಿದ್ದರು. ಚಿಂದೋಡಿ ಲೀಲಾ ಅವರ ಕಂಪನಿಯ ಊರಿದು, ಹಾರ್ಮೋನಿಯಂ ಬಲ್ಲವರು ಇಲ್ಲಿ ಬಹಳ ಜನ ಇದ್ದರು. ಯಾವುದಾದರೂ ಹಳೆ ಪೆಟ್ಟಿಗೆ ಬಂದರೆ ಅಜ್ಜ ಮೊದಲು ಅದರ ರೀಡು ತೆಗೆಸಿ ನೋಡುತ್ತಿದ್ದರು. ಜರ್ಮನ್ ರೀಡೋ, ಪ್ಯಾರಿಸ್ ರೀಡೋ, ಇಲ್ಲಿಯದೋ? ಹೊರಗಿನ ಪೆಟ್ಟಿಗೆ ಎಷ್ಟೇ ಹೊಳೆದರೂ ಬೆಲೆ ನಿಲ್ಲುತ್ತಿದ್ದದ್ದು ಆ ರೀಡಿನ ಮೇಲೆ. ಎಲೆಕ್ಟ್ರಿಕ್ ಗಿಟಾರಿನಲ್ಲೂ ಹೀಗೆ ಬೆಲೆ ನಿಲ್ಲುವ ಒಂದು ಜಾಗ ಇದೆ. ಅದು ಇಸವಿ.

ಫೆಂಡರ್ ಕಂಪನಿ 1950ರಲ್ಲಿ ಬ್ರಾಡ್‌ಕಾಸ್ಟರ್ ಅಂತ ಹೊರಗೆ ತಂದದ್ದೇ ಮರುವರ್ಷ ಟೆಲಿಕಾಸ್ಟರ್ ಆಯಿತು. 1954ರಲ್ಲಿ ಸ್ಟ್ರಾಟೋಕಾಸ್ಟರ್ ಬಂತು. ಆಗ ಅದರ ಬೆಲೆ 249.50 ಡಾಲರ್. 1965ರ ಜನವರಿಯಲ್ಲಿ ಸಿಬಿಎಸ್ ಎಂಬ ದೊಡ್ಡ ರೇಡಿಯೊ-ಟಿವಿ ಕಂಪನಿ ಫೆಂಡರನ್ನು 1 ಕೋಟಿ 30 ಲಕ್ಷ ಡಾಲರಿಗೆ ಕೊಂಡಿತು. ಆಮೇಲೆ ಉತ್ಪಾದನೆ ಜಾಸ್ತಿ ಆಯಿತು, ಕೆಲಸದ ಗುಣ ನಿಧಾನಕ್ಕೆ ಇಳಿಯಿತು. ಅದಕ್ಕೇ ಲೋಕವೆಲ್ಲ "ಪ್ರೀ-ಸಿಬಿಎಸ್" ಎಂದು ಬೇರೆಯೇ ಒಂದು ಗೆರೆ ಎಳೆಯುತ್ತದೆ. 1985ರಲ್ಲಿ ಸಿಬಿಎಸ್ ಅದೇ ಕಂಪನಿಯನ್ನು ಅಲ್ಲಿನ ನೌಕರರ ಒಂದು ಗುಂಪಿಗೆ 1 ಕೋಟಿ 25 ಲಕ್ಷ ಡಾಲರಿಗೆ ಮಾರಿತು. ಇಪ್ಪತ್ತು ವರ್ಷದ ಮೇಲೆ, ಕೊಂಡದ್ದಕ್ಕಿಂತ ಕಡಿಮೆಗೆ. ಅದೇ ಸಿಬಿಎಸ್ ಬರುವ ಮುಂಚೆ ಆ ಕಾರ್ಖಾನೆಯಲ್ಲಿ ತಯಾರಾದ ಒಂದು ಒಳ್ಳೆ ಸ್ಟ್ರಾಟ್ ಇವತ್ತು ಹತ್ತಾರು ಸಾವಿರ ಡಾಲರ್ ಬಾಳುತ್ತದೆ.

ಗಿಬ್ಸನ್ ಕಥೆ ಇನ್ನೂ ವಿಚಿತ್ರ. ಲೆಸ್ ಪಾಲ್ ಬಂದದ್ದು 1952ರಲ್ಲಿ. ಸೆತ್ ಲವರ್ ಎಂಬ ಎಂಜಿನಿಯರ್ ಮಾಡಿದ ಹಂಬಕರ್ ಎಂಬ ಪಿಕಪ್, ಅಂದರೆ ತಂತಿಯ ಮಿಡಿತವನ್ನು ವಿದ್ಯುತ್ತಾಗಿಸುವ ಭಾಗ, 1957ರಲ್ಲಿ ಅದಕ್ಕೆ ಸೇರಿತು. 1958ರಿಂದ 1960ರ ತನಕ ಸೂರ್ಯಾಸ್ತದ ಬಣ್ಣದಲ್ಲಿ, ಅಂದರೆ ಸನ್‌ಬರ್ಸ್ಟಿನಲ್ಲಿ ಮಾಡಿದರು. ಆಗ ಅದು ಸರಿಯಾಗಿ ಓಡಲಿಲ್ಲ. ಕಂಪನಿ ನಿಲ್ಲಿಸಿಯೇಬಿಟ್ಟಿತು. ಆ ಮೂರು ವರ್ಷದಲ್ಲಿ ಆದದ್ದು ಸುಮಾರು ಸಾವಿರದ ಐನೂರರ ಆಸುಪಾಸು ಅಂತ ಬಲ್ಲವರ ಅಂದಾಜು. 1966ರ ಹೊತ್ತಿಗೆ ಎರಿಕ್ ಕ್ಲಾಪ್ಟನ್ ಥರದ ಬ್ರಿಟನ್ನಿನ ಹುಡುಗರು ಅದನ್ನು ಹಿಡಿದು, ಆಂಪ್ಲಿಫೈಯರ್ ಜೋರಾಗಿಟ್ಟು ನುಡಿಸಿದ ಮೇಲೆ ಲೋಕಕ್ಕೆ ಅದರ ದನಿ ಗೊತ್ತಾಯಿತು. ಬೇಡಿಕೆ ಎಷ್ಟಾಯಿತೆಂದರೆ 1968ರಲ್ಲಿ ಗಿಬ್ಸನ್ ಲೆಸ್ ಪಾಲನ್ನು ವಾಪಸ್ ತರಬೇಕಾಯಿತು. ಇವತ್ತು ಅಸಲಿ 1959ರದಕ್ಕೆ ಲಕ್ಷಗಟ್ಟಲೆ ಡಾಲರ್. ಆ ಕಾಲದ ಕೆಂಪು ಬಣ್ಣ ಬೆಳಕಿಗೆ ಮಾಸುತ್ತಿತ್ತು. ಅಂಗಡಿಯ ಕಿಟಕಿಯಲ್ಲಿ ನಿಂತದ್ದು ನಿಂಬೆ ಹಳದಿ ಆಯಿತು, ಪೆಟ್ಟಿಗೆಯೊಳಗೆ ಮಲಗಿದ್ದು ಕೆಂಪಾಗೇ ಉಳಿಯಿತು. ಒಂದರಂತೆ ಇನ್ನೊಂದಿಲ್ಲ. ನನಗೆ ಆ ಗಿಟಾರುಗಳ ಮೇಲಿನ ಪ್ರೀತಿಗೆ ಅದೂ ಒಂದು ಕಾರಣ.

ಇವು ನಮ್ಮ ಆರು ಲಕ್ಷಕ್ಕೆ ಸಿಗುವುದಿಲ್ಲ. ಸಿಗುವುದು ಏನು ಅಂತ ನೋಡೋಣ.

ಎಪ್ಪತ್ತರ ದಶಕದ ಫೆಂಡರ್ ಸಿಗುತ್ತವೆ. ದಪ್ಪ ಪಾಲಿಯೆಸ್ಟರ್ ಬಣ್ಣ, ಕೆಲವು ವಿಪರೀತ ಭಾರ, ಹಲವುದರ ನೆಕ್ಕಿಗೆ, ಅಂದರೆ ಗಿಟಾರಿನ ಉದ್ದ ಕತ್ತಿಗೆ, ನಾಲ್ಕರ ಬದಲು ಮೂರೇ ಬೋಲ್ಟು. ಒಂದು ಕಾಲಕ್ಕೆ ಇವನ್ನು ಯಾರೂ ಮೂಸುತ್ತಿರಲಿಲ್ಲ. ಅರವತ್ತರ ದಶಕದವು ಕೈಗೆಟುಕದಂತಾದ ಮೇಲೆ ಇವುಗಳ ಬೆಲೆಯೂ ಏರಿದೆ. ಆದರೆ ಒಂದೊಂದನ್ನೂ ಬೇರೆ ಬೇರೆಯಾಗಿ ತೂಗಿ ನೋಡಬೇಕು. ಕೆಲವು ನಿಜವಾಗಿ ಒಳ್ಳೆಯವು, ಕೆಲವು ಬರೀ ಹಳೆಯವು.

ನನಗೆ ಹೆಚ್ಚು ನಂಬಿಕೆ ಜಪಾನಿನವುಗಳ ಮೇಲೆ. ಎಪ್ಪತ್ತರ ದಶಕದಲ್ಲಿ ಜಪಾನಿನ ಕಾರ್ಖಾನೆಗಳು ಅಮೆರಿಕದ ಮಾದರಿಗಳನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದವೆಂದರೆ, 1977ರಲ್ಲಿ ಗಿಬ್ಸನ್ನಿನ ಒಡೆತನದ ಕಂಪನಿ ಐಬನೆಜ್ ಗಿಟಾರು ತರಿಸುವವರ ಮೇಲೆ ಹೆಡ್‌ಸ್ಟಾಕಿನ (ತಂತಿ ಬಿಗಿಯುವ ಕೀಗಳಿರುವ ತಲೆಯ) ಆಕಾರಕ್ಕಾಗಿ ಕೇಸು ಹಾಕಿತು. 1982ರಲ್ಲಿ ಫೆಂಡರ್ ತಾನೇ ಜಪಾನಿನಲ್ಲಿ ತಯಾರಿಕೆ ಶುರು ಮಾಡಿತು. ಆಗಿನ ಮೊದಲ ಸರಣಿಯ ನಂಬರು "ಜೆವಿ" ಅಕ್ಷರದಿಂದ ಶುರುವಾಗುತ್ತದೆ. ಜಪಾನಿನ ಗ್ರೆಕೊ, ಟೊಕಾಯ್, ಜೆವಿ ಫೆಂಡರ್, ಫೆಂಡರಿನದೇ ಇನ್ನೊಂದು ಹೆಸರಾದ ಸ್ಕ್ವಾಯರಿನ ಜೆವಿ, ಇವು ಈಗ ನಲವತ್ತು ದಾಟಿದ ಗಿಟಾರುಗಳು. ನುಡಿಸಲು ಸೊಗಸು, ಬೆಲೆ ಇನ್ನೂ ನಮ್ಮ ಅಳತೆಯಲ್ಲಿದೆ.

ಮೂರನೇ ಹಂತ: ರೀಇಶ್ಯೂ ಲೆಕ್ಕವನ್ನು ಬೇರೆ ಹಾಳೆಯಲ್ಲಿ ಹಾಕಿ

ರೀಇಶ್ಯೂ ಕೆಟ್ಟದ್ದಲ್ಲ. ಇದನ್ನು ಒತ್ತಿ ಹೇಳುತ್ತೇನೆ. ನಾನು ಕೈಯಲ್ಲಿ ಹಿಡಿದ ಅತ್ಯುತ್ತಮ ಗಿಟಾರುಗಳಲ್ಲಿ ಎರಡು ರೀಇಶ್ಯೂಗಳೇ. ಫೆಂಡರಿನ ವಿಶೇಷ ಗಿಟಾರುಗಳ ಕಾರ್ಯಾಗಾರ ಕಸ್ಟಮ್ ಶಾಪ್ 1987ರಲ್ಲಿ ಶುರುವಾಯಿತು. ಬೇಕಂತಲೇ ಸವೆಸಿದ "ರೆಲಿಕ್" ಗಿಟಾರುಗಳನ್ನು 1995ರಲ್ಲಿ ತಂದರು. ಗಿಬ್ಸನ್ 1993ರಿಂದ ಹಿಸ್ಟಾರಿಕ್ ಸರಣಿ ಮಾಡುತ್ತಿದೆ. ಹಳತು ಮಾಡುವ ಕೆಲಸದಲ್ಲಿ ಹೆಸರಾದ ಟಾಮ್ ಮರ್ಫಿ ಅವರ ಹೆಸರಿನ ಮರ್ಫಿ ಲ್ಯಾಬ್ ಈಚೆಗೆ ಬಂದದ್ದು. ಮರ, ಅಂಟು, ಪಿಕಪ್ಪಿನ ತಂತಿ ಎಲ್ಲ ಹಳೆ ಕಾಲದ ಕ್ರಮದಲ್ಲೇ ಇರಲಿ ಅಂತ ಅವರು ಪಡುವ ಶ್ರಮ ನಿಜವಾದದ್ದು.

ಆದರೆ ಹೂಡಿಕೆ ಅನ್ನುವುದು ಬೇರೆ ಮಾತು. ರೀಇಶ್ಯೂ ಅಂಗಡಿಯಿಂದ ಹೊರಬಂದ ದಿನ ಅದು ಸೆಕೆಂಡ್ ಹ್ಯಾಂಡ್. ಹೊಸ ಕಾರಿಗೆ ಆಗುವುದೇ ಇದಕ್ಕೂ ಆಗುತ್ತದೆ. ನಾನು ನನ್ನ ಲೆಕ್ಕದಲ್ಲಿ ಕಾಲು ಭಾಗ ಮೊದಲ ದಿನವೇ ಕಳೆದುಬಿಡುತ್ತೇನೆ. ಇನ್ನೊಂದು ವಿಷಯ: ಕಂಪನಿ ಮುಂದಿನ ವರ್ಷವೂ ಅದನ್ನೇ ಮಾಡುತ್ತದೆ, ಅದರ ಮುಂದಿನ ವರ್ಷ ಇನ್ನೂ ಚೆನ್ನಾಗಿ ಮಾಡಿದ್ದೇವೆ ಅಂತ ಹೇಳುತ್ತದೆ. ಪ್ರತಿ ವರ್ಷ ಹೊಸ ಬೆಳೆ ಬರುವ ಸರಕನ್ನು ಹಿಡಿದಿಟ್ಟು ಏನು ಪ್ರಯೋಜನ? 1959 ಮಾತ್ರ ಇನ್ನೊಂದು ಬರುವುದಿಲ್ಲ.

ಇದಕ್ಕೆ ಹೊರತಾದವೂ ಇವೆ, ಅವನ್ನು ತಿಳಿದಿರಬೇಕು. ಫೆಂಡರ್ 1982ರಿಂದ 1984ರ ತನಕ ಹಳೆ ಫುಲರ್ಟನ್ ಕಾರ್ಖಾನೆಯಲ್ಲಿ ಮಾಡಿದ ಮೊದಲ ರೀಇಶ್ಯೂಗಳು ಈಗ ತಾವೇ ವಿಂಟೇಜ್ ಆಗಿವೆ. ಆ ಕಾರ್ಖಾನೆಯೇ ಈಗಿಲ್ಲ. ತೊಂಬತ್ತರ ದಶಕದಲ್ಲಿ ವಿನ್ಸ್ ಕುನೆಟ್ಟೊ ಕೈಯಲ್ಲಿ ಹಳತಾದ ಮೊದಲ ರೆಲಿಕ್‌ಗಳನ್ನೂ ಜನ ಹುಡುಕಿ ಕೊಳ್ಳುತ್ತಾರೆ. ಬೆರಳೆಣಿಕೆಯ ಕಲಾವಿದರ ಪ್ರತಿಗಳೂ ಇವೆ. 2007ರಲ್ಲಿ ಅಮೆರಿಕದ ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಅವರ ಫ್ರ್ಯಾಂಕನ್‌ಸ್ಟೈನ್ ಗಿಟಾರಿನ ಯಥಾವತ್ ನಕಲು 300 ಮಾಡಿ, ಒಂದೊಂದಕ್ಕೆ 25,000 ಡಾಲರ್ ಬೆಲೆ ಇಟ್ಟರು. ಇಂಥವಕ್ಕೆ ಸಂಖ್ಯೆ ಬೇಲಿ ಹಾಕಿರುತ್ತದೆ. ಆದರೆ "ಲಿಮಿಟೆಡ್" ಅಂತ ಹಾಳೆಯ ಮೇಲೆ ಬರೆದ ಮಾತ್ರಕ್ಕೆ ನಂಬಬೇಡಿ. ಎಷ್ಟು ಮಾಡಿದ್ದಾರೆ ಅನ್ನುವ ಸಂಖ್ಯೆ ಇಲ್ಲದಿದ್ದರೆ ಅದು ಬರೀ ಪದ.

ಅಳಿಯನಿಗೆ ಹೇಳಿದ್ದು: "ರೀಇಶ್ಯೂ ಬೇಕಾ, ತಗೋ. ಸೆಕೆಂಡ್ ಹ್ಯಾಂಡ್ ತಗೋ, ಮೊದಲ ಪೆಟ್ಟು ಬೇರೆಯವರು ತಿಂದಿರ್ತಾರೆ. ಅದನ್ನ ಖರ್ಚು ಅಂತ ಬರಿ, ಆಸ್ತಿ ಅಂತ ಬರಿಬೇಡ. ದಿನಾ ನುಡಿಸು."

ನಾಲ್ಕನೇ ಹಂತ: ಬಿಚ್ಚಿ ನೋಡಿ

ಅಡಿಕೆ ಮಂಡಿಯಲ್ಲಿ ಮೇಲಿನ ಬಣ್ಣ ನೋಡಿ ಯಾರೂ ರೇಟು ಹಾಕುವುದಿಲ್ಲ. ಒಂದು ಕಾಯಿ ತೆಗೆದು, ಕತ್ತರಿಸಿ, ಒಳಗೆ ನೋಡುತ್ತಾರೆ. ಹಳೆ ಗಿಟಾರಿಗೂ ಬೇರೆ ದಾರಿ ಇಲ್ಲ. ನಾನು ಇದನ್ನು ಕಲಿತದ್ದು ದುಡ್ಡು ಕೊಟ್ಟು.

ಕೆಲವು ವರ್ಷದ ಹಿಂದೆ ಬೆಂಗಳೂರಿನಲ್ಲಿ ಒಬ್ಬರ ಬಳಿ 1978ರ ಸ್ಟ್ರಾಟ್ ಕೊಂಡೆ. ಹೆಡ್‌ಸ್ಟಾಕಿನ ನಂಬರು ಸರಿ ಇತ್ತು, ಮೂರು ಬೋಲ್ಟು ಸರಿ ಇತ್ತು, ದನಿ ಚೆನ್ನಾಗಿತ್ತು. ಮಾರುವವರು ಎಲ್ಲ ಅಸಲಿ ಅಂದರು. ಬಿಚ್ಚಿ ತೋರಿಸಿ ಅನ್ನಲು ನನಗೆ ಸಂಕೋಚ ಆಯಿತು. ಎರಡು ಲಕ್ಷದ ಇಪ್ಪತ್ತು ಸಾವಿರ ಕೊಟ್ಟು ತಂದೆ. ಮನೆಗೆ ಬಂದು ತಂತಿ ಸಡಿಲಿಸಿ ಮೇಲಿನ ಪ್ಲಾಸ್ಟಿಕ್ ಹಲಗೆ, ಅಂದರೆ ಪಿಕ್‌ಗಾರ್ಡ್ ಎತ್ತಿದರೆ, ವಾಲ್ಯೂಮ್ ಪಾಟಿನ (ದನಿ ಏರಿಸಿ ಇಳಿಸುವ ನಾಬಿನ ಕೆಳಗಿನ ಬಿಡಿಭಾಗದ) ಬೆನ್ನ ಮೇಲೆ 1379214 ಅಂತ ಇತ್ತು. 137 ಅಂದರೆ ಸಿಟಿಎಸ್ ಕಂಪನಿ. 92 ಅಂದರೆ ಇಸವಿ. 14 ಅಂದರೆ ಆ ವರ್ಷದ ಹದಿನಾಲ್ಕನೇ ವಾರ. 1978ರ ಗಿಟಾರಿನೊಳಗೆ 1992ರ ಪಾಟ್! ಪಿಕಪ್ಪೂ ಆ ಕಾಲದ್ದಾಗಿರಲಿಲ್ಲ. ಎರಡು ವರ್ಷ ಇಟ್ಟುಕೊಂಡು, ಎಲ್ಲ ವಿಷಯ ಹೇಳಿಯೇ ಒಂದೂವರೆ ಲಕ್ಷಕ್ಕೆ ಕೊಟ್ಟೆ. ಎಪ್ಪತ್ತು ಸಾವಿರ ಹೋಯಿತು. ಸಂಕೋಚ ಪಡದೆ ಒಂದು ಸ್ಕ್ರೂಡ್ರೈವರ್ ಕೇಳಿದ್ದರೆ ಉಳಿಯುತ್ತಿತ್ತು.

ಹಾಗಾಗಿ ಈ ಹಂತಕ್ಕೆ ಸಮಯ ಕೊಡಿ.

ಪಾಟಿನ ನಂಬರಿನಿಂದ ಶುರು ಮಾಡಿ. ಮೊದಲ ಮೂರು ಅಂಕಿ ಪಾಟ್ ಮಾಡಿದ ಕಂಪನಿ: 137 ಸಿಟಿಎಸ್, 304 ಸ್ಟ್ಯಾಕ್‌ಪೋಲ್. ಆಮೇಲಿನದು ಇಸವಿ, ಕೊನೆಯ ಎರಡು ಅಂಕಿ ವಾರ. ಐವತ್ತರ ದಶಕದ ಪಾಟುಗಳಲ್ಲಿ ಇಸವಿಗೆ ಒಂದೇ ಅಂಕಿ ಇರುತ್ತದೆ, ಒಟ್ಟು ಆರಂಕಿ. ಗಿಟಾರು ಪಾಟಿಗಿಂತ ಸ್ವಲ್ಪ ಹೊಸದಿರಬಹುದು, ಯಾಕೆಂದರೆ ಕಾರ್ಖಾನೆಯಲ್ಲಿ ಪಾಟಿನ ದಾಸ್ತಾನು ಇರುತ್ತಿತ್ತು. ಗಿಟಾರು ಪಾಟಿಗಿಂತ ಹಳೆಯದಿದ್ದರೆ ಪಾಟ್ ಬದಲಾಗಿದೆ, ಅಷ್ಟೇ. ಇದು ಅಮೆರಿಕದವಕ್ಕೆ. ಜಪಾನಿನವುಗಳ ಪಾಟಿನ ಗುರುತು ಬೇರೆ.

ನಂಬರಿನ ಜೊತೆ ಸೋಲ್ಡರನ್ನೂ ನೋಡಿ. ಕಾರ್ಖಾನೆಯ ಹಳೆ ಸೋಲ್ಡರ್ ಮಂಕಾಗಿ, ಧೂಳು ಹಿಡಿದು ಕೂತಿರುತ್ತದೆ. ಹೊಸ ಸೋಲ್ಡರ್ ಬೆಳ್ಳಿಯಂತೆ ಮಿನುಗುತ್ತದೆ. ರೇಡಿಯೊ, ಟಿವಿ ರಿಪೇರಿ ಮಾಡುವ ಹಳಬರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಗಿಟಾರು ಗೊತ್ತಿಲ್ಲದಿದ್ದರೂ ಯಾವುದು ಮತ್ತೆ ಬೆಸೆದ ಜಾಗ ಅಂತ ಒಂದು ನೋಟಕ್ಕೆ ಹೇಳುತ್ತಾರೆ.

ಫೆಂಡರಿನ ನೆಕ್ ಬಿಚ್ಚಿದರೆ ಅದರ ತುದಿಯಲ್ಲಿ ದಿನಾಂಕ ಸಿಗಬಹುದು. ಐವತ್ತರ ದಶಕದಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು, 1962ರಿಂದ ರಬ್ಬರ್ ಸ್ಟಾಂಪು. ಬಿಚ್ಚುವ ಕೆಲಸವನ್ನು ಮಾರುವವರ ಒಪ್ಪಿಗೆ ಪಡೆದು, ಅವರ ಎದುರೇ ಮಾಡಬೇಕು. ಬಿಚ್ಚಲು ಒಪ್ಪದವರ ಬಳಿ ಕೊಳ್ಳಬೇಡಿ. ಎಷ್ಟೇ ಒಳ್ಳೆಯವರಾಗಿರಲಿ.

ಸೀರಿಯಲ್ ನಂಬರೊಂದನ್ನೇ ನಂಬಬೇಡಿ. ಫೆಂಡರಿನಲ್ಲಿ 1976ರ ಮೇಲೆ ನಂಬರು ಹೆಡ್‌ಸ್ಟಾಕಿಗೆ ಬಂತು. ಎಸ್ ಅಕ್ಷರ ಎಪ್ಪತ್ತರ ದಶಕ, ಇ ಅಕ್ಷರ ಎಂಬತ್ತರದು. ಗಿಬ್ಸನ್ನಿನಲ್ಲಿ 1977ರಿಂದ ಎಂಟಂಕಿ. ಉದಾಹರಣೆಗೆ 80253512 ತಗೊಳ್ಳಿ. ಮೊದಲನೆಯ ಮತ್ತು ಐದನೆಯ ಅಂಕಿ ಸೇರಿದರೆ 83, ಅಂದರೆ 1983. ನಡುವಿನ 025 ಆ ವರ್ಷದ 25ನೇ ದಿನ. ಕೊನೆಯ ಮೂರಂಕಿ 500 ಅಥವಾ ಮೇಲಿದ್ದರೆ ನ್ಯಾಶ್‌ವಿಲ್ ಕಾರ್ಖಾನೆ. ಅರವತ್ತರ ದಶಕದಲ್ಲಿ ಗಿಬ್ಸನ್ ಒಂದೇ ನಂಬರನ್ನು ಬೇರೆ ಬೇರೆ ಗಿಟಾರಿಗೆ ಮತ್ತೆ ಮತ್ತೆ ಹಾಕಿದೆ. ಮೋಸಕ್ಕೆ ಹೆಚ್ಚು ಆಸ್ಪದ ಇರುವುದು 1959ರ ಮಾದರಿಯಲ್ಲಿ. ಅಸಲಿಯ ನಂಬರು 9ರಿಂದ ಶುರುವಾಗುತ್ತದೆ, ರೀಇಶ್ಯೂ ನಂಬರೂ ಅದೇ ಶೈಲಿಯಲ್ಲಿ 9ರಿಂದಲೇ ಶುರುವಾಗುತ್ತದೆ. ಅಂಕಿ ಮಾತ್ರ ನೋಡಿದವರು ಮೂರ್ಖರಾಗುವುದು ಸುಲಭ.

ಬಣ್ಣ ನೋಡಲು ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಟಾರ್ಚ್ ಸಾಕು. ಕತ್ತಲೆ ಕೋಣೆಯಲ್ಲಿ ಹಿಡಿಯಿರಿ. ಹಳೆ ನೈಟ್ರೊಸೆಲ್ಯುಲೋಸ್ ಲ್ಯಾಕರ್ ತಿಳಿ ಹಸಿರು-ಹಳದಿಯಾಗಿ ಎಲ್ಲ ಕಡೆ ಒಂದೇ ಸಮನೆ ಮಿನುಗುತ್ತದೆ. ಮಧ್ಯೆ ಒಂದು ತೇಪೆ ಬೇರೆ ಬಣ್ಣದಲ್ಲಿ ಕಂಡರೆ ಅಲ್ಲಿ ಕೈ ಬಿದ್ದಿದೆ. ಹೆಡ್‌ಸ್ಟಾಕ್ ನೆಕ್ಕಿಗೆ ಸೇರುವ ಜಾಗವನ್ನು ಬಿಡದೆ ನೋಡಿ, ಗಿಬ್ಸನ್ ಬಿದ್ದರೆ ಮುರಿಯುವುದು ಅಲ್ಲೇ. ಪೂರ್ತಿ ಮತ್ತೆ ಬಣ್ಣ ಹೊಡೆದ ಗಿಟಾರಿನ ಬೆಲೆಯನ್ನೂ, ಹೆಡ್‌ಸ್ಟಾಕ್ ಮುರಿದು ಅಂಟಿಸಿದ ಗಿಟಾರಿನ ಬೆಲೆಯನ್ನೂ ವ್ಯಾಪಾರದಲ್ಲಿ ಸುಮಾರು ಅರ್ಧಕ್ಕೆ ಇಳಿಸುತ್ತಾರೆ. ಬೆರಳಿಡುವ ಪಟ್ಟಿಯ ಮೇಲಿನ ಲೋಹದ ಗೆರೆಗಳನ್ನು, ಅಂದರೆ ಫ್ರೆಟ್ ಬದಲಾಯಿಸಿದ್ದರೆ ಅಷ್ಟು ಹೊಡೆತ ಇಲ್ಲ. ಫ್ರೆಟ್ ಅಂದರೆ ಎತ್ತಿನ ಲಾಳ ಇದ್ದ ಹಾಗೆ, ಸವೆಯಲೇಬೇಕು.

ಇನ್ನು ಪೂರ್ತಿ ನಕಲಿಗಳು. ಗಿಬ್ಸನ್ ಹೆಸರು ಹಾಕಿಕೊಂಡ ಚೀನಾದ ನಕಲಿಗಳು ನಮ್ಮ ಊರಿಗೂ ಬಂದಿವೆ, ನನ್ನ ಟೇಬಲ್ಲಿಗೇ ಬಂದಿವೆ. ಹೆಡ್‌ಸ್ಟಾಕಿನ ಮೇಲಿನ ಗಂಟೆಯಾಕಾರದ ಪ್ಲಾಸ್ಟಿಕ್ ಮುಚ್ಚಳ ನೋಡಿ. ಅಸಲಿ ಗಿಬ್ಸನ್ನಿನಲ್ಲಿ ಅದಕ್ಕೆ ಎರಡೇ ಸ್ಕ್ರೂ. ಮೂರಿದ್ದರೆ ಮುಂದಿನದನ್ನು ನೋಡುವ ಕೆಲಸವೇ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ವಿಚಿತ್ರ ಸಂಗತಿಯನ್ನೂ ಹೇಳಬೇಕು. ಎರಿಕ್ ಕ್ಲಾಪ್ಟನ್ ಅವರ "ಬ್ಲ್ಯಾಕಿ" ಅಸಲಿ ಭಾಗಗಳ ಒಂದೇ ಗಿಟಾರಲ್ಲ. 1970ರಲ್ಲಿ ನ್ಯಾಶ್‌ವಿಲ್ಲಿನಲ್ಲಿ ಹಳೆ ಸ್ಟ್ರಾಟುಗಳನ್ನು ಅಗ್ಗಕ್ಕೆ ಕೊಂಡು, ಮೂರರ ಒಳ್ಳೆಯ ಭಾಗ ಸೇರಿಸಿ ಕಟ್ಟಿಕೊಂಡದ್ದು. 2004ರಲ್ಲಿ ಹರಾಜಿನಲ್ಲಿ ಅದಕ್ಕೆ 9,59,500 ಡಾಲರ್ ಬಂತು. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ ಅವರ ಕಪ್ಪು ಸ್ಟ್ರಾಟಿನ ಪಿಕಪ್ಪು, ನೆಕ್ಕು ಎಷ್ಟೋ ಸಲ ಬದಲಾದವು. 2019ರಲ್ಲಿ ಅದು 39 ಲಕ್ಷ 75 ಸಾವಿರ ಡಾಲರಿಗೆ ಹೋಯಿತು. ಅಲ್ಲಿ ಬೆಲೆ ಕಟ್ಟಿದ್ದು ಆ ಕೈಗಳಿಗೆ. ನಮ್ಮ ನಿಮ್ಮ ಗಿಟಾರಿಗೆ ಆ ಕೈ ಇಲ್ಲ. ಹಾಗಾಗಿ ನಮಗೆ ಅಸಲಿ ಭಾಗಗಳೇ ಗತಿ. ಯಾರಾದರೂ "ಇದು ಇಂಥ ದೊಡ್ಡ ಕಲಾವಿದರು ನುಡಿಸಿದ್ದು" ಅಂದರೆ ಫೋಟೋ ಮತ್ತು ಕಾಗದ ಕೇಳಿ. ಬಾಯಿಮಾತಿಗೆ ಒಂದು ರೂಪಾಯಿಯೂ ಜಾಸ್ತಿ ಕೊಡಬೇಡಿ.

ಐದನೇ ಹಂತ: ಹೊರದೇಶದಿಂದ ತರಿಸುವ ಆಸೆ ಇದ್ದರೆ

ಅಮೆರಿಕ, ಜಪಾನಿನ ಅಂಗಡಿಗಳಲ್ಲಿ ಬೆಲೆ ನೋಡಿ ಆಸೆ ಆಗುವುದು ಸಹಜ. ಆದರೆ ನಮ್ಮ ದೇಶದ ವಿದೇಶ ವ್ಯಾಪಾರ ನೀತಿಯಲ್ಲಿ, ಯಂತ್ರೋಪಕರಣದಂಥ ಬಂಡವಾಳ ಸರಕು ಬಿಟ್ಟು ಉಳಿದ ಸೆಕೆಂಡ್ ಹ್ಯಾಂಡ್ ಸಾಮಾನು ನಿರ್ಬಂಧಿತ ಪಟ್ಟಿಯಲ್ಲಿದೆ. ಅನುಮತಿ ಪತ್ರ ಇಲ್ಲದೆ ಕೊರಿಯರ್ ಮೂಲಕ ಹಳೆ ಗಿಟಾರು ತರಿಸಿದರೆ ಕಸ್ಟಮ್ಸ್‌ನಲ್ಲಿ ಸಿಕ್ಕಿಬೀಳುತ್ತದೆ. ಹೊಸ ರೀಇಶ್ಯೂ ತರಿಸಬಹುದು, ಸುಂಕ ಮತ್ತು ಜಿಎಸ್‌ಟಿ ಸೇರಿದರೆ ಬೆಲೆ ಎಲ್ಲಿಗೋ ಹೋಗುತ್ತದೆ. ಸುಂಕದ ದರ ಬಜೆಟ್ಟಿನಲ್ಲಿ ಬದಲಾಗಬಹುದು. ದುಡ್ಡು ಕಳಿಸುವ ಮುಂಚೆ ಕಸ್ಟಮ್ಸ್ ಏಜೆಂಟರನ್ನು ಕೇಳಿ ಲೆಕ್ಕ ಬರೆಸಿಕೊಳ್ಳಿ. ಊರಿಗೆ ಬರುವ ನೆಂಟರ ಕೈಯಲ್ಲಿ ತರಿಸಿದರೂ ಬಿಲ್ಲು ತೋರಿಸಿ ಸುಂಕ ಕಟ್ಟಿಸಿ, ರಸೀದಿ ಇಟ್ಟುಕೊಳ್ಳಿ. ನಾಳೆ ಮಾರುವಾಗ ಆ ರಸೀದಿಗೂ ಬೆಲೆ ಇದೆ.

ಮರದ ವಿಷಯವೂ ಇದೆ. ನಮಗೆ ಮಲೆನಾಡಿನ ಬೀಟೆ ಗೊತ್ತಲ್ವಾ? ಅದೇ ಕುಲದ ಬ್ರೆಜಿಲ್ ಬೀಟೆಯನ್ನು ಹಳೆ ಫೆಂಡರ್, ಗಿಬ್ಸನ್ನುಗಳ ಫಿಂಗರ್‌ಬೋರ್ಡಿಗೆ, ಅಂದರೆ ಬೆರಳಿಡುವ ಪಟ್ಟಿಗೆ, ಹಾಕುತ್ತಿದ್ದರು. 1992ರಿಂದ ಬ್ರೆಜಿಲ್ ಬೀಟೆ ಸೈಟಿಸ್ ಎಂಬ, ಅಳಿವಿನಂಚಿನ ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ, ಹುಲಿಯ ಸಾಲಿನಲ್ಲೇ. ಅದಿರುವ ಗಿಟಾರು ಮಾರಲು ದೇಶದ ಗಡಿ ದಾಟಿಸಬೇಕಾದರೆ ಪರವಾನಗಿ ಬೇಕು. ಬೇರೆ ಬೀಟೆ ಜಾತಿಗಳನ್ನೂ 2017ರಲ್ಲಿ ಎರಡನೇ ಪಟ್ಟಿಗೆ ಸೇರಿಸಿದ್ದರು. 2019ರ ನವೆಂಬರಿನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದೆ, ಬ್ರೆಜಿಲ್ ಬೀಟೆಗೆ ಮಾತ್ರ ಇಲ್ಲ. ಪಟ್ಟಿಗೆ ಸೇರುವ ಬಹಳ ಮುಂಚೆಯೇ ಬ್ರೆಜಿಲ್ ಮರ ಸಿಗುವುದು ಕಷ್ಟವಾಗಿತ್ತು, ಆಗ ಅಮೆರಿಕದ ದೊಡ್ಡ ಕಂಪನಿಗಳು ಹಿಡಿದದ್ದು ನಮ್ಮ ಭಾರತದ ಬೀಟೆಯನ್ನು. ಎಪ್ಪತ್ತರ ದಶಕದ ಗಿಟಾರೊಂದರ ಕಪ್ಪು ಫಿಂಗರ್‌ಬೋರ್ಡಿನ ಮೇಲೆ ಕೈ ಆಡಿಸುವಾಗ, ಈ ಮರ ನಮ್ಮ ಘಟ್ಟದ ಕಡೆಯಿಂದ ಹೋಗಿ ತಿರುಗಿ ಬಂದಿರಬಹುದು ಅನಿಸಿ ನನಗೆ ಮೈ ಜುಂ ಎನ್ನುತ್ತದೆ.

ತೆರಿಗೆಯ ಬಗ್ಗೆ ನಿಮ್ಮ ಆಡಿಟರನ್ನು ಕೇಳಿ. ಸ್ವಂತ ಬಳಕೆಗೆ ಇಟ್ಟದ್ದು, ಮಾರಲೆಂದೇ ಇಟ್ಟದ್ದು, ಇವೆರಡಕ್ಕೂ ಲೆಕ್ಕ ಬೇರೆ.

ಆರನೇ ಹಂತ: ನಮ್ಮ ಹವೆಯಲ್ಲಿ ಕಾಪಾಡುವುದು

ದಾವಣಗೆರೆ, ಚಿತ್ರದುರ್ಗದ ಏಪ್ರಿಲ್ ಬಿಸಿಲು ನಿಮಗೆ ಗೊತ್ತು. ಶೀಟಿನ ಮನೆಯಲ್ಲಿ ಮಧ್ಯಾಹ್ನ ನಿಲ್ಲಲಾಗುವುದಿಲ್ಲ. ದುರ್ಗದ ಒಣ ಗಾಳಿ ಮರದ ನೀರನ್ನು ಹೀರುತ್ತದೆ. ಬೋರ್ಡ್ ಕುಗ್ಗಿ ಫ್ರೆಟ್ಟಿನ ತುದಿಗಳು ಹೊರಗೆ ಚುಚ್ಚತೊಡಗುತ್ತವೆ. ಜೂನ್ ದಾಟಿದರೆ ಮರ ಉಬ್ಬಿ ನೆಕ್ ಬಾಗುತ್ತದೆ. ತೇವ ಅಳೆಯುವ ಸಣ್ಣ ಮೀಟರೊಂದನ್ನು ಗಿಟಾರ್ ಕೇಸಿನಲ್ಲಿಡಿ. ನೂರಕ್ಕೆ 45ರಿಂದ 55ರ ಒಳಗೆ ಇರಲಿ. ಮಳೆಗಾಲಕ್ಕೆ ಸಿಲಿಕಾ ಪೊಟ್ಟಣ. ಬೇಸಿಗೆಗೆ ಒಂದು ಸೋಪಿನ ಡಬ್ಬಿಗೆ ತೂತು ಕೊರೆದು, ಒಳಗೆ ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಸ್ಪಂಜು ಇಡಿ.

ಅಟ್ಟದ ಮೇಲೆ ಇಡಬೇಡಿ. ನೆಲಕ್ಕೆ, ಗೋಡೆಗೆ ತಾಗಿಸಿಯೂ ಇಡಬೇಡಿ. ನಮ್ಮ ಕಡೆ ಗೆದ್ದಲು ಗೋಡೆಯಿಂದಲೇ ಏರುತ್ತದೆ. ಒಬ್ಬ ಆರ್ಕೆಸ್ಟ್ರಾ ಹುಡುಗ ಮೂರು ತಿಂಗಳು ಮೂಲೆಗೆ ನಿಲ್ಲಿಸಿದ್ದ ಕೇಸನ್ನು ತಂದಾಗ ತಳ ಪುಡಿಯಾಗಿತ್ತು. ಪುಣ್ಯಕ್ಕೆ ಗಿಟಾರಿಗೆ ಮುಟ್ಟಿರಲಿಲ್ಲ. ಕಬ್ಬಿಣದ ಬೀರು ಇದ್ದರೆ ಅದರಲ್ಲಿ ಇಡಿ. ನೈಟ್ರೊ ಲ್ಯಾಕರ್ ಇರುವ ಗಿಟಾರನ್ನು ರಬ್ಬರ್ ಇರುವ ಅಗ್ಗದ ಸ್ಟ್ಯಾಂಡಿಗೆ ನೇತುಹಾಕಬೇಡಿ, ರಬ್ಬರು ಲ್ಯಾಕರನ್ನು ಕರಗಿಸಿ ಕಲೆ ಬಿಡುತ್ತದೆ. ಹಳೆ ಕೇಸು ಹರಿದಿದ್ದರೂ ಬಿಸಾಡಬೇಡಿ. ಅದಕ್ಕೆ ಬೇರೆಯಾಗಿ ಬೆಲೆ ಇದೆ. ಗಿಟಾರಿಗೆ ಬೇರೆ ಹೊಸ ಕೇಸು ಮಾಡಿಸಿ.

ಹಾಗೆಯೇ, ತೆಗೆದ ಸ್ಕ್ರೂ, ನಾಬು, ಮುರಿದ ಕೀ ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಹಾಕಿಡಿ. ಹಳೆ ಗಿಟಾರನ್ನು ಸುಮ್ನೆ ಹೊಳೆಸಲು ಹೋಗಬೇಡಿ. ಬೆಂಗಳೂರಿಗೆ ಒಯ್ಯುವಾಗ ಸ್ಲೀಪರ್ ಬಸ್ಸಿನ ಡಿಕ್ಕಿಗೆ ಹಾಕಬೇಡಿ. ಎಂಜಿನ್ ಬಿಸಿ, ಮೇಲೆ ಮೂಟೆಗಳ ಭಾರ. ರೈಲಿನಲ್ಲಿ ನಿಮ್ಮ ತಲೆಯ ಮೇಲಿನ ಲಗೇಜು ಜಾಗದಲ್ಲೇ ಇಟ್ಟುಕೊಂಡು ಹೋಗಿ. ಧಾರವಾಡದ ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತದೆ. ಮನೆಯ ವಿಮೆ ಇದ್ದರೆ ಅದರಲ್ಲಿ ಗಿಟಾರಿನ ಹೆಸರು, ನಂಬರು, ಬೆಲೆ ಬೇರೆಯಾಗಿ ಬರೆಸಿ. ಬರೆಸದಿದ್ದರೆ ಕಳುವಾದಾಗ ಜಗ್ಗಾಡಬೇಕಾಗುತ್ತದೆ.

ಏಳನೇ ಹಂತ: ಮಾರುವಾಗ

ಬೆಲೆ ಯಾವಾಗಲೂ ಏರುತ್ತಲೇ ಇರುತ್ತದೆ ಅಂದುಕೊಳ್ಳಬೇಡಿ. 2008ರ ಆರ್ಥಿಕ ಕುಸಿತಕ್ಕೆ ಮುಂಚೆ ವಿಂಟೇಜ್ ಗಿಟಾರುಗಳ ಬೆಲೆ ಹುಚ್ಚು ಹಿಡಿದಂತೆ ಏರಿತ್ತು. ಆಮೇಲೆ ಬಿತ್ತು. ತುದಿಯಲ್ಲಿ ಕೊಂಡವರು ವರ್ಷಗಟ್ಟಲೆ ಕಾದರು. ಇಳಿದಾಗ ಮಾರಲೇಬೇಕಾದ ಸ್ಥಿತಿ ನಿಮಗೆ ಬರದಿರಲಿ. ಮೊದಲ ಹಂತದಲ್ಲಿ ಹತ್ತು ವರ್ಷ ಅಂದದ್ದು ಅದಕ್ಕೇ.

ಮಾರಲು ಕೂತಾಗ ಹಗಲಿನ ಬೆಳಕಿನಲ್ಲಿ ಮೂವತ್ತು ಫೋಟೋ ತೆಗೆಯಿರಿ. ಮುಂದೆ, ಹಿಂದೆ, ಪ್ರತಿ ಗೀರು, ಪಿಕ್‌ಗಾರ್ಡಿನ ಒಳಗು, ಪಾಟಿನ ನಂಬರು, ನೆಕ್ಕಿನ ದಿನಾಂಕ, ತೂಕದ ಕಾಟಾದ ಮೇಲೆ ಇಟ್ಟದ್ದು. ಬದಲಾದ ಭಾಗ ಯಾವುದು ಅಂತ ನೀವೇ ಮೊದಲು ಬರೆಯಿರಿ. ನಾನು ಆ ಸ್ಟ್ರಾಟ್ ಮಾರಿದಾಗ ಹೀಗೇ ಮಾಡಿದೆ. ಕೊಂಡ ಹುಡುಗ ಆಮೇಲೆ ಎರಡು ಗಿಟಾರನ್ನು ನನ್ನ ಮಾತಿನ ಮೇಲೆಯೇ ಕೊಂಡಿದ್ದಾನೆ. ಅಂಗಡಿಗೆ ಕಮಿಷನ್ ಮೇಲೆ ಕೊಡುವುದಾದರೆ ಎಷ್ಟು, ಎಷ್ಟು ದಿನ, ಅಲ್ಲಿ ಗೀರು ಬಿದ್ದರೆ ಯಾರ ಹೊಣೆ ಅಂತ ಕಾಗದದ ಮೇಲೆ ಬರೆಸಿಕೊಳ್ಳಿ.

ಅಳಿಯ ಇಷ್ಟನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋದ. ಆಮೇಲೆ ಮೂರು ಗಿಟಾರು ನೋಡಿದ್ದಾನೆ, ಒಂದನ್ನೂ ಕೊಂಡಿಲ್ಲ. 1979ರದನ್ನು ಬಿಚ್ಚಿಸಿದಾಗ ಸೋಲ್ಡರ್ ಹೊಸದಾಗಿ ಹೊಳೆಯುತ್ತಿತ್ತಂತೆ. ಈಗ ಹುಬ್ಬಳ್ಳಿಯಲ್ಲಿ ಒಬ್ಬರ ಬಳಿ 1983ರ ಒಂದು ಜೆವಿ ಸ್ಕ್ವಾಯರ್ ಇದೆ ಅಂತ ಗೊತ್ತಾಗಿದೆ. ಬಿಚ್ಚಿ ನೋಡಲು ಅವರು ಒಪ್ಪಿದ್ದಾರೆ. ಮುಂದಿನ ಭಾನುವಾರ ನಾವಿಬ್ಬರೂ ಟಾರ್ಚ್, ಸ್ಕ್ರೂಡ್ರೈವರ್ ಹಿಡಿದು ಹೊರಡುತ್ತೇವೆ.